ಹಳೆಯ ಬ್ರಿಟಿಷ್ ಸಲೂನ್ ಕೊಳ್ಳುವ ಮುನ್ನ: ಮೈನರ್, ಎರಡು ರೋವರ್, ಒಂದು ಜಾಗ್ವಾರ್

ಜಾಹೀರಾತಿನ ಫೋಟೋದಲ್ಲಿ ಕಾರು ಹೊಳೆಯುತ್ತಿರುತ್ತದೆ. ಬಂಪರಿನ ಕ್ರೋಮ್ ಮುಖ ನೋಡಿಕೊಳ್ಳುವಷ್ಟು ನುಣುಪು, ಒಳಗೆ ಚರ್ಮದ ಸೀಟು, ಕೆಳಗೆ ‘ಚೆನ್ನಾಗಿ ಕಾಪಾಡಿಕೊಂಡು ಬಂದದ್ದು’ ಎಂಬ ಒಂದು ಸಾಲು. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಕಾರಿನ ಮೇಲೆ ಮನಸ್ಸಾಗುವುದು ಸಹಜ. ಊರಿನಲ್ಲಿ ಮದುವೆ ದಿಬ್ಬಣಕ್ಕೆ ಬರುತ್ತಿದ್ದ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಾನೇ. ಆದರೆ ಕೊಳ್ಳಲು ಹೊರಟಾಗ ಒಂದೇ ವಾರದಲ್ಲಿ ನಾಲ್ಕು ಬಗೆಯ ಕಾರು ಕಣ್ಣಿಗೆ ಬೀಳುತ್ತವೆ: ಮಾರಿಸ್ ಮೈನರ್ 1000, ರೋವರ್ ಪಿ4, ರೋವರ್ ಪಿ6, ಜಾಗ್ವಾರ್ ಮಾರ್ಕ್ 2. ಈ ನಾಲ್ಕರಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ತೂಗಿ ನೋಡಲು ಈ ಬರಹ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಕಾರಿನ ಮೈ. ಎಂಜಿನ್ ಸವೆದಿದ್ದರೆ ಇಳಿಸಿ, ಬಿಚ್ಚಿ, ಕಟ್ಟಿಸಬಹುದು. ಎಷ್ಟು ಖರ್ಚಾಗುತ್ತದೆ ಎಂದು ಗ್ಯಾರೇಜಿನವರು ಮೊದಲೇ ಹೇಳಬಲ್ಲರು. ತಗಡು ಕೊಳೆತಿದ್ದರೆ ಯಾರೂ ಹೇಳಲಾರರು. ಒಂದು ತೂತಿಗೆ ವೆಲ್ಡಿಂಗ್ ಮಾಡಲು ಹೋದರೆ ಕಂಬಿ ತಾಗಿಸಲು ಗಟ್ಟಿ ತಗಡೇ ಸಿಗದೆ ಅಂಗೈಯಗಲದ ತೇಪೆ ಮೊಳದುದ್ದವಾಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅರವತ್ತು ಚಳಿಗಾಲಗಳ ಉಪ್ಪುನೀರು ಕಾರಿನ ತಳದ ಸಂದುಗಳಲ್ಲಿ ಇಳಿದಿರುತ್ತದೆ. ಈ ನಾಲ್ಕು ಕಾರುಗಳೂ ತುಕ್ಕನ್ನು ಬಚ್ಚಿಡುವ ಜಾಗ ಬೇರೆ ಬೇರೆ. ಆ ಜಾಗ ಗೊತ್ತಿದ್ದವರಿಗೆ ಮಾತ್ರ ‘ಚೆನ್ನಾಗಿ ಕಾಪಾಡಿದ್ದು’ ಎಂಬ ಮಾತಿನ ಬೆಲೆ ತಿಳಿಯುತ್ತದೆ.

ಎರಡನೆಯದು ಬಿಡಿಭಾಗ. ಸಿಗುತ್ತದೆಯೇ, ಸಿಕ್ಕರೆ ಎಷ್ಟಕ್ಕೆ? ಮೂರನೆಯದು ನೀವು ಎಲ್ಲಿ ಓಡಿಸುತ್ತೀರಿ ಎಂಬುದು. ಭಾನುವಾರ ಹಳ್ಳಿರಸ್ತೆಯಲ್ಲಿ ಇಪ್ಪತ್ತು ಮೈಲಿ ಸುತ್ತುವುದು ಒಂದು, ಮೋಟರ್‌ವೇಯಲ್ಲಿ ಲಾರಿಗಳ ನಡುವೆ ನೂರೈವತ್ತು ಮೈಲಿ ಹೋಗುವುದೇ ಇನ್ನೊಂದು. ನಾಲ್ಕನೆಯದು, ಸ್ಪ್ಯಾನರ್ ಹಿಡಿಯುವುದು ನಿಮ್ಮ ಕೈಯೋ, ಗಂಟೆಗಿಷ್ಟು ಎಂದು ಲೆಕ್ಕ ಹಾಕುವ ಗ್ಯಾರೇಜಿನವರ ಕೈಯೋ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮಾತು. ಸೀಟ್ ಬೆಲ್ಟ್ ಇಲ್ಲದೆಯೇ ತಯಾರಾದ ಕಾರಿನಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡು ಹೋಗಲು ಬ್ರಿಟನ್ನಿನ ಕಾನೂನು ಬಿಡುವುದಿಲ್ಲ. ಮೂರು ದಾಟಿದ ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಬೇಕು. ಹಿಂದಿನ ಸೀಟಿಗೆ ಬೆಲ್ಟ್ ಹಾಕಿಸಿದ್ದಾರೆಯೇ, ಹಾಕಿಸಿದ್ದರೆ ಅದರ ಬುಡ ಗಟ್ಟಿ ತಗಡಿಗೆ ಕೂತಿದೆಯೇ ಎಂದು ನೋಡದೆ ಮುಂದುವರಿಯಬೇಡಿ.

ಮಾರಿಸ್ ಮೈನರ್ 1000

ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಬಂತು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಅದು. 1956ರಲ್ಲಿ ಎರಡು ತುಂಡಿನ ಮುಂಗಾಜು ಹೋಗಿ ಒಂದೇ ಗಾಜು ಬಂದು, 948 ಸಿಸಿ ಎಂಜಿನ್ ಕೂತಾಗ ‘ಮೈನರ್ 1000’ ಆಯಿತು. 1962ರ ಕೊನೆಯಿಂದ 1098 ಸಿಸಿ. ಮೊದಲ ಸಲ ಕೊಳ್ಳುವವರಿಗೆ ಈ 1098ನ್ನೇ ಹೇಳುತ್ತೇವೆ. 48 ಅಶ್ವಶಕ್ತಿ ಹೆಚ್ಚಲ್ಲ, ಆದರೆ ಏರಿನಲ್ಲಿ ಉಸಿರು ಕಟ್ಟುವುದಿಲ್ಲ, ಮುಂದಿನ ಬ್ರೇಕ್ ಡ್ರಮ್ ಕೂಡ 7ರಿಂದ 8 ಅಂಗುಲಕ್ಕೆ ಏರಿದೆ. ಗಂಟೆಗೆ 50–55 ಮೈಲಿಯಲ್ಲಿ ಸುಖವಾಗಿ ಹೋಗುತ್ತದೆ. ಮೋಟರ್‌ವೇ ಇದರ ಜಾಗವಲ್ಲ.

ಮೈನರ್‌ನ ದೊಡ್ಡ ಗುಣವೆಂದರೆ ಬಿಡಿಭಾಗ. ಮಡ್‌ಗಾರ್ಡಿನಿಂದ ಹಿಡಿದು ನೆಲದ ತಗಡಿನವರೆಗೆ ಹೆಚ್ಚುಕಡಿಮೆ ಎಲ್ಲವೂ ಹೊಸದಾಗಿಯೇ ಸಿಗುತ್ತದೆ, ಅದೂ ನಾಲ್ಕರಲ್ಲಿ ಅತಿ ಕಡಿಮೆ ಬೆಲೆಗೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ಕೈ ಓಡಾಡುವಷ್ಟು ಜಾಗ. ಪ್ಲಗ್, ಪಾಯಿಂಟ್, ಕಾರ್ಬ್ಯುರೇಟರ್ ಎಲ್ಲವನ್ನೂ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ತುಕ್ಕು ಹುಡುಕಬೇಕಾದ್ದು ಕೆಳಗೆ. ಮುಂದಿನ ಚಕ್ರಗಳ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಹಿಂದಕ್ಕೆ ಬಂದು ಕಾರಿನ ನಡುವಿನ ಅಡ್ಡತೊಲೆಗೆ ಕಚ್ಚಿಕೊಂಡಿರುತ್ತದೆ. ಆ ಅಡ್ಡತೊಲೆಯ ಎರಡು ತುದಿಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಎಂದರೆ ಸರಿ, ದಪ್ ಎಂದರೆ ಬೇರೆ ಕಾರು ನೋಡಿ. ಆಮೇಲೆ ಬಾಗಿಲ ಕೆಳಗಿನ ಹೊಸ್ತಿಲು, ಅಂದರೆ ಸಿಲ್. ಹಿಂದಿನ ಲೀಫ್ ಸ್ಪ್ರಿಂಗ್ ನೇತಾಡುವ ಜಾಗ. ಜಾಕ್ ಕೊಡುವ ಕಡೆ. ಹೆಡ್‌ಲೈಟ್ ಹಿಂದಿನ ಮಡ್‌ಗಾರ್ಡಿನ ತುಕ್ಕು ಕಣ್ಣಿಗೆ ಹೊಡೆಯುತ್ತದೆ, ಆದರೆ ಅದು ಬೋಲ್ಟ್ ಬಿಚ್ಚಿ ಬದಲಿಸುವ ಭಾಗ. ಅದಕ್ಕೆ ಹೆದರಬೇಡಿ, ಬೆಲೆ ಇಳಿಸಲು ಬಳಸಿ.

ಜೀವಕ್ಕೆ ಸಂಬಂಧಿಸಿದ ದೋಷ ಒಂದಿದೆ. ಮುಂಚಕ್ರ ತಿರುಗುವ ಪಿನ್ನು ತಳದಲ್ಲಿ ಟ್ರನಿಯನ್ ಎಂಬ ಲೋಹದ ತುಂಡಿನೊಳಗೆ ತಿರುಪಿನಂತೆ ಕೂತಿರುತ್ತದೆ. ಗ್ರೀಸ್ ಕಾಣದೆ ತಿರುಪು ಸವೆದರೆ ಕಳಚಿಕೊಂಡು ಚಕ್ರ ಮಡಿಸಿ ಬೀಳುತ್ತದೆ. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಎಲ್ಲಿಂದ ಬರುತ್ತಿದೆ ಎಂದು ಟಾರ್ಚ್ ಹಾಕಿ ನೋಡಿ. ಸಾವಿರ ಮೈಲಿಗೊಮ್ಮೆ ಗ್ರೀಸ್ ಕೊಡಿ, ಅದೂ ಚಕ್ರ ನೆಲ ಬಿಟ್ಟಿರುವಾಗ. ಭಾರ ಹೊತ್ತಿರುವಾಗ ಒತ್ತಿದ ಗ್ರೀಸ್ ಬೇಕಾದ ಕಡೆ ಹೋಗುವುದಿಲ್ಲ.

ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಷಾಸಿ ತೊಲೆಯೊಳಗಿದೆ. ಸೋರಿದರೆ ಬದಲಿಸಲು ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಸಾಮಾನು ಅಗ್ಗವಾದರೂ ಕೂಲಿ ದುಬಾರಿ. ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಿದ್ದರೆ ಆ ಕೂಲಿಯನ್ನು ಬೆಲೆಯಿಂದ ಕಳೆಯಿರಿ.

ರೋವರ್ ಪಿ4

1949ರಿಂದ 1964ರವರೆಗೆ ಬಂದ ಈ ಕಾರನ್ನು ಬ್ರಿಟನ್ನಿನವರು ಪ್ರೀತಿಯಿಂದ ‘ಆಂಟಿ’ ಎನ್ನುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಒಳಗೆ ಕೂತರೆ ಹೊರಗಿನ ಸದ್ದು ನಿಂತುಹೋಗುತ್ತದೆ. ಚರ್ಮ, ಮರ, ದಪ್ಪ ಕಾರ್ಪೆಟ್ಟು. ಹಳೆಯ ಕಾಲದ ಡಾಕ್ಟರು, ಬ್ಯಾಂಕ್ ಮ್ಯಾನೇಜರು ಇಟ್ಟುಕೊಳ್ಳುತ್ತಿದ್ದ ಗಾಂಭೀರ್ಯ. 60, 75, 80, 90, 95, 100, 105, 110 ಎಂದು ಹಲವು ಅವತಾರಗಳಿವೆ. ಓಡಿಸಲು ಕೊಳ್ಳುವುದಾದರೆ 1959ರ ನಂತರದ 100ನ್ನು ಮೊದಲು ಹುಡುಕಿ: 2625 ಸಿಸಿ ಆರು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ವೇಗದಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಓವರ್‌ಡ್ರೈವ್ ಗೇರು. 60 ಮೈಲಿ ವೇಗದಲ್ಲಿ ಗಂಟೆಗಟ್ಟಲೆ ಹೋದರೂ ಇದಕ್ಕೆ ದಣಿವಿಲ್ಲ.

ಇಲ್ಲಿ ಕಣ್ಣಿಗೆ ಮೋಸವಾಗುವುದು ಅಲ್ಯೂಮಿನಿಯಂನಿಂದ. ಕೊನೆಯ 95, 110 ಮಾದರಿಗಳನ್ನು ಬಿಟ್ಟು ಉಳಿದವುಗಳಲ್ಲಿ ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಬರ್ಮಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದವು. ಅವು ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಕಾರು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಕೆಳಗಿನ ಉಕ್ಕಿನ ಷಾಸಿ ಮಾತ್ರ ಹಿಂದಿನ ಆಕ್ಸಲ್ ಮೇಲೆ ಬಾಗುವ ಕಡೆ ಕೊಳೆತಿರಬಹುದು. ಹಿಂಚಕ್ರ ಎಸೆದ ಕೆಸರು ನಿಲ್ಲುವುದು ಅಲ್ಲಿಯೇ. ಮೈಯನ್ನು ಹೊರುವ ಪಕ್ಕದ ತೋಳುಗಳನ್ನೂ ನೋಡಿ. ಈ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವ್ ಮೇಲಿದೆ, ಹೊಗೆ ಬಿಡುವ ವಾಲ್ವ್ ಬ್ಲಾಕಿನ ಪಕ್ಕದಲ್ಲಿದೆ. ಕೆಳಗಿನದರ ಅಂತರ ಸರಿಮಾಡಲು ಕೈ ತೂರಿಸುವುದು ಕಷ್ಟವಾದ್ದರಿಂದ ಎಷ್ಟೋ ಮಂದಿ ಆ ಕೆಲಸವನ್ನೇ ಬಿಟ್ಟಿರುತ್ತಾರೆ. ಕೊನೆಯ ಬಾರಿ ಯಾವಾಗ ಮಾಡಿಸಿದರು ಎಂದು ಕೇಳಿ. ಬಿಲ್ಲು ತೋರಿಸಿದರೆ ಅದು ಒಳ್ಳೆಯ ಮನೆಯ ಕಾರು.

ರೋವರ್ ಪಿ6

ಇದೊಂದು ಅದ್ಭುತ ಯಂತ್ರ, ಕೊಳ್ಳಲು ಅಷ್ಟೇ ಅಪಾಯದ್ದು. 1963ರಲ್ಲಿ ಬಂದು ಯುರೋಪಿನ ‘ವರ್ಷದ ಕಾರು’ ಪ್ರಶಸ್ತಿಯನ್ನು ಮೊಟ್ಟಮೊದಲಿಗೆ ಪಡೆದದ್ದು ಇದೇ. ನಾಲ್ಕೂ ಚಕ್ರಕ್ಕೆ ಡಿಸ್ಕ್, ಹಿಂದೆ ಚಕ್ರಗಳನ್ನು ನೆಲಕ್ಕೆ ನೇರವಾಗಿ ಹಿಡಿಯುವ ಡಿ ಡಿಯಾನ್ ಸಸ್ಪೆನ್ಷನ್. ಇಂದಿನ ವಾಹನಗಳ ನಡುವೆ ಎಗ್ಗಿಲ್ಲದೆ ಓಡುತ್ತದೆ. ವಾರಕ್ಕೆ ಮೂರು ದಿನ ಹಳೆಯ ಕಾರಿನಲ್ಲೇ ಕೆಲಸಕ್ಕೆ ಹೋಗಬೇಕು ಎನ್ನುವವರಿಗೆ ನಾಲ್ಕರಲ್ಲಿ ಇದೇ ಸೂಕ್ತ. 1968ರಿಂದ ಬಂದ 3500ರಲ್ಲಿ ಬ್ಯೂಯಿಕ್ ಮೂಲದ 3528 ಸಿಸಿ ಅಲ್ಯೂಮಿನಿಯಂ ವಿ8. ಅದರ ಗುನುಗು ಒಮ್ಮೆ ಕೇಳಿದವರು ಮರೆಯುವುದಿಲ್ಲ, ಪೆಟ್ರೋಲ್ ಬಿಲ್ಲನ್ನೂ ಮರೆಯುವುದಿಲ್ಲ: ಗ್ಯಾಲನ್ನಿಗೆ ಸುಮಾರು 20 ಮೈಲಿ.

ಪಿ6ರ ಮೈಯೆಂದರೆ ಒಂದು ಉಕ್ಕಿನ ಅಸ್ಥಿಪಂಜರ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಹೊರತಗಡು. ಹೊರತಗಡು ಹೊಸದಾಗಿ, ಬಣ್ಣ ಹೊಳೆಯುತ್ತಾ ಇರಬಹುದು. ಒಳಗಿನ ಎಲುಬು ಪುಡಿಯಾಗಿರಬಹುದು. ಆದ್ದರಿಂದ ಈ ಕಾರನ್ನು ಹೊರಗಿನಿಂದ ನೋಡಿ ಪ್ರಯೋಜನವೇ ಇಲ್ಲ. ಹಿಂದಿನ ಸೀಟಿನ ಮೆತ್ತೆ ಎತ್ತಿಸಿ, ಅದರಡಿಯ ಚಕ್ರದ ಕಮಾನಿನ ಒಳಬದಿ ನೋಡಿ. ಹಿಂಬಾಗಿಲು ತೆರೆದು ಅದರ ಹಿಂದಿನ ಕಂಬದ ಬುಡ ನೋಡಿ. ಹೊಸ್ತಿಲಿನ ಹೊರಮುಚ್ಚಳವನ್ನು ತಿರುಪು ಬಿಚ್ಚಿ ತೆಗೆಯಬಹುದು. ಅದನ್ನು ತೆಗೆದು ಒಳಗಿನದನ್ನು ತೋರಿಸಿ ಎಂದು ಕೇಳಿ. ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಹಿಂದಿನ ಡಿಸ್ಕ್‌ಗಳು ಚಕ್ರದ ಬಳಿಯಲ್ಲಿಲ್ಲ, ಕಾರಿನ ನಡುವೆ ಡಿಫರೆನ್ಷಿಯಲ್ ಪಕ್ಕದಲ್ಲಿವೆ. ಡಿಫರೆನ್ಷಿಯಲ್ ಆಯಿಲ್ ಸೋರಿದರೆ ನೇರ ಬ್ರೇಕ್ ಮೇಲೆಯೇ. ಪ್ಯಾಡ್ ಬದಲಿಸುವುದು ಕೂಡ ಅಂಗಾತ ಮಲಗಿ ಮಾಡುವ ಅರ್ಧ ದಿನದ ಕೆಲಸ. 2000 ಮಾದರಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಬ್ಲಾಕಿನ ಪಕ್ಕದಲ್ಲಿ ಮುಚ್ಚಳದ ತಗಡಿದೆ. ಅದರ ಅಂಚಿನಿಂದ ನೀರು ಜಿನುಗಿದ ಹಳದಿ ಕಲೆ ಇದ್ದರೆ ಸಣ್ಣ ಕೆಲಸವಲ್ಲ. ವಿ8ನಲ್ಲಿ ಬರಿ ನೀರು ಹಾಕಿ ಓಡಿಸಿದ್ದರೆ ಅಲ್ಯೂಮಿನಿಯಂ ಒಳಗಿನಿಂದ ತಿಂದುಹೋಗುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದಾಗ ಕೂಲಂಟಿನ ಬಣ್ಣ ಕಾಣಬೇಕು, ಕೆಂಪು ಮಣ್ಣುನೀರಲ್ಲ. 3,000 ಮೈಲಿಗೊಮ್ಮೆ ಆಯಿಲ್ ಬದಲಿಸದ ವಿ8ನ ಕ್ಯಾಮ್‌ಷಾಫ್ಟ್ ಬೇಗ ಸವೆಯುತ್ತದೆ.

ಜಾಗ್ವಾರ್ ಮಾರ್ಕ್ 2

1959ರಿಂದ ಬಂದ ಈ ಕಾರಿನ ಚೆಲುವಿಗೆ ಬೇರೆ ಮಾತು ಬೇಕಿಲ್ಲ. ಎಕ್ಸ್‌ಕೆ ಎಂಜಿನ್ 2.4, 3.4, 3.8 ಲೀಟರುಗಳಲ್ಲಿ, 3.8ಕ್ಕೆ 220 ಅಶ್ವಶಕ್ತಿ. ಮೈನರ್ ಕೆಲವೇ ಸಾವಿರ ಪೌಂಡಿಗೆ ಸಿಕ್ಕರೆ, ಮ್ಯಾನುಯಲ್ ಗೇರಿನ ಒಳ್ಳೆಯ 3.8ಕ್ಕೆ ಹತ್ತಾರು ಸಾವಿರ ಬೇಕು.

ಅಗ್ಗದ ಮಾರ್ಕ್ 2 ಎಂಬುದು ಇಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡವರು ವೆಲ್ಡಿಂಗಿಗೆ, ಕ್ರೋಮ್‌ಗೆ, ಮರದ ಪಾಲಿಷಿಗೆ ಸುರಿಯುವ ಹಣ ಸೇರಿಸಿದರೆ ಒಳ್ಳೆಯ ಕಾರಿನ ಬೆಲೆಯನ್ನು ದಾಟುತ್ತದೆ. ಮುಂದಿನ ಸಸ್ಪೆನ್ಷನ್ ತೊಲೆ ಷಾಸಿ ಕಾಲಿಗೆ ಸೇರುವ ಕಡೆ ಕಾಗೆಕಾಲಿನಂಥ ಬ್ರಾಕೆಟ್ ಇದೆ. ಅದು ಮೊದಲು ಕೊಳೆಯುತ್ತದೆ. ಹಿಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಪನ್ಹಾರ್ಡ್ ರಾಡಿನ ಬುಡ ಮೈಯಿಂದಲೇ ಕಿತ್ತುಬರುವುದುಂಟು. ಹೊಸ್ತಿಲು, ಬಾಗಿಲ ತಳ, ಚಕ್ರದ ಕಮಾನು ಎಲ್ಲಕ್ಕೂ ಅಯಸ್ಕಾಂತ ಹಿಡಿದು ನೋಡಿ. ಅಂಟದ ಕಡೆ ಬಣ್ಣದಡಿ ಇರುವುದು ಪುಟ್ಟಿ.

ಎಂಜಿನ್ ಬಿಸಿಯಾದ ಮೇಲೆ ನಿಮಿಷಕ್ಕೆ 3,000 ಸುತ್ತಿನಲ್ಲಿ ಆಯಿಲ್ ಒತ್ತಡ ಚದರ ಅಂಗುಲಕ್ಕೆ 40 ಪೌಂಡಿನ ಆಸುಪಾಸು ನಿಲ್ಲಬೇಕು. ಮುಂಭಾಗದ ತಳದಿಂದ ಚೈನಿನ ಕಟಕಟ ಕೇಳಿದರೆ ಕೆಳಗಿನ ಟೈಮಿಂಗ್ ಚೈನ್. ಅದಕ್ಕೆ ಹೆಚ್ಚಾಗಿ ಎಂಜಿನ್ ಇಳಿಸಬೇಕಾಗುತ್ತದೆ. ಕ್ರ್ಯಾಂಕಿನ ಹಿಂದಿನ ಹಗ್ಗದ ಸೀಲ್ ಸ್ವಲ್ಪ ತೊಟ್ಟಿಕ್ಕುವುದು ಮಾಮೂಲು. ನೆಲದ ಮೇಲೆ ಕೆರೆಯಾದರೆ ಮಾಮೂಲಲ್ಲ. 1965ರವರೆಗಿನ ಮಾಸ್ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರಿನ ಹಲ್ಲುಗಳು ಸದ್ದಿಲ್ಲದೆ ಕೂಡಲು ನೆರವಾಗುವ ವ್ಯವಸ್ಥೆ) ಇಲ್ಲ, ಬದಲಾವಣೆಯೂ ನಿಧಾನ. ಅವಸರದ ಕೈಗೆ ಅದು ಒಗ್ಗುವುದಿಲ್ಲ.

ಆ ರೂಪವೇ ಬೇಕು, ಹಣ ಅಷ್ಟಿಲ್ಲ ಎನ್ನುವವರು ಡೈಮ್ಲರ್ 2.5 ಲೀಟರ್ ವಿ8 ನೋಡಬೇಕು. ಅದೇ ಮೈ, ಮುಂದೆ ಬೇರೆ ಗ್ರಿಲ್, ಬಹುಪಾಲು ಆಟೊಮ್ಯಾಟಿಕ್. ಎಂಜಿನ್ ನಯವಾಗಿದೆ, ಬೆಲೆ ಸಾಮಾನ್ಯವಾಗಿ 3.8ಕ್ಕಿಂತ ಕೆಳಗೆ. ಆದರೆ ತುಕ್ಕಿನ ಜಾಗಗಳು ಒಂದೂ ಬದಲಾಗುವುದಿಲ್ಲ.

ಊರಿನ ನೆನಪಿಗೆ ಕೊಳ್ಳುವವರಿಗೆ

ಟ್ರಯಂಫ್ ಹೆರಾಲ್ಡ್ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾದದ್ದು ಹಲವರಿಗೆ ಗೊತ್ತು. ಬ್ರಿಟನ್ನಿನಲ್ಲಿ ಅದು ಮೈನರ್‌ನಷ್ಟೇ ಸುಲಭದ ಕಾರು. ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಟೈರಿನ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು. ಇದರ ಟ್ರನಿಯನ್‌ಗೆ ಗ್ರೀಸ್ ಅಲ್ಲ, ಇಪಿ90 ಗೇರ್ ಆಯಿಲ್ ಹಾಕಬೇಕು. ಅಂಬಾಸಿಡರಿನ ಅಕ್ಕನಾದ ಆಕ್ಸ್‌ಫರ್ಡ್ ಸೀರೀಸ್ 3 ಮೇಲೆ ಮನಸ್ಸಿದ್ದರೆ ಒಂದು ಎಚ್ಚರ: 1489 ಸಿಸಿ ಎಂಜಿನ್ನಿಗೆ ಸಾಮಾನು ಸಿಗುತ್ತದೆ, ಹೊರತಗಡು ಸಿಗುವುದು ಕಷ್ಟ. ಮೈ ಪೂರ್ತಿಯಾಗಿರುವ ಕಾರನ್ನು ಮಾತ್ರ ಕೊಳ್ಳಿ.

ಊರಿಗೇ ಒಯ್ಯುವ ಯೋಚನೆ ಇದ್ದರೆ ಆಮದು ಅನುಮತಿ, ಸುಂಕದ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಮುಗಿಸಿ. ಭಾರತದಲ್ಲಿ 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ‘ವಿಎ’ ಸರಣಿಯ ನೋಂದಣಿ ಇದೆ: ಹೊಸದಕ್ಕೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ; ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಮಾತ್ರ.

ಕಾಗದ ಮತ್ತು ಕಣ್ಣು

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಸೊನ್ನೆ. ಆದರೂ ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ದೊಡ್ಡ ಮಾರ್ಪಾಡು ಆಗಿರದಿದ್ದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಈ ವಿನಾಯಿತಿ ಕೊಳ್ಳುವವರಿಗೆ ವರಕ್ಕಿಂತ ಹೆಚ್ಚು ಶಾಪ. ವರ್ಷಗಟ್ಟಲೆ ಯಾರೂ ತಳ ನೋಡಿರದ ಕಾರು ಮಾರಾಟಕ್ಕೆ ಬರುತ್ತದೆ. ಮಾರುವವರ ಖರ್ಚಿನಲ್ಲೋ ನಿಮ್ಮ ಖರ್ಚಿನಲ್ಲೋ ಒಂದು ಎಂಒಟಿ ಮಾಡಿಸಿ ಎನ್ನಿ. 2005ರಿಂದ ಈಚಿನ ಎಂಒಟಿ ಇತಿಹಾಸ ಸರ್ಕಾರಿ ಜಾಲತಾಣದಲ್ಲಿ ನಂಬರು ಹಾಕಿದರೆ ಸಿಗುತ್ತದೆ. ‘ಹಿಂದಿನ ಸ್ಪ್ರಿಂಗ್ ಬಳಿ ತುಕ್ಕು’ ಎಂದು ಒಂದು ವರ್ಷ ಬರೆದು ಮುಂದಿನ ವರ್ಷ ಅದು ಮಾಯವಾಗಿದ್ದರೆ, ಸರಿಪಡಿಸಿದ ಬಿಲ್ಲು ಎಲ್ಲಿ ಎಂದು ಕೇಳಿ. ವಿ5ಸಿ ಎಂಬ ನೋಂದಣಿ ಕಾಗದದ ಷಾಸಿ ನಂಬರನ್ನು ಕಾರಿನ ಮೇಲಿನ ಫಲಕಕ್ಕೆ ಹೋಲಿಸಿ ನೋಡಿ.

ನೋಡಲು ಹೋಗುವಾಗ ಟಾರ್ಚು, ಸಣ್ಣ ಅಯಸ್ಕಾಂತ, ಮಲಗಲು ಹಳೆಯ ಚಾಪೆ ಸಾಕು. ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ನೀವು ಬರುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ತಣ್ಣನೆಯ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ಮುಚ್ಚಿಟ್ಟಂತೆ. ಮೈನರ್, ಪಿ6, ಮಾರ್ಕ್ 2ಗಳಲ್ಲಿ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿ, ಆ ಪಕ್ಕದ ಬಾಗಿಲನ್ನು ತೆರೆದು ಮುಚ್ಚಿ. ಮುಚ್ಚಲು ತೊಡಕಾದರೆ ಮೈ ಬಾಗುತ್ತಿದೆ ಎಂದರ್ಥ. ಹೊಸದಾಗಿ ಬಳಿದ ಕಪ್ಪು ಅಂಡರ್‌ಸೀಲ್ ಕಂಡರೆ ಅನುಮಾನಪಡಿ. ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ ಕೊನೆಯ ಎರಡು ತಯಾರಿಯ ವರ್ಷ. ಹತ್ತು ವರ್ಷ ಮೀರಿದ್ದರೆ ಟೈರಿನ ಗೀರು ಎಷ್ಟೇ ಆಳವಾಗಿ ಉಳಿದಿದ್ದರೂ ಬದಲಿಸಬೇಕು.

ವರ್ಷಗಟ್ಟಲೆ ಓಡದೆ ನಿಂತ, ಮೀಟರಿನಲ್ಲಿ ಕಡಿಮೆ ಮೈಲಿ ತೋರಿಸುವ ಕಾರಿಗಿಂತ, ವರ್ಷಕ್ಕೆ ಸಾವಿರ ಮೈಲಿ ಓಡಿ ಬಿಲ್ಲುಗಳ ಕಂತೆ ಇರುವ ಕಾರು ಮೇಲು. ನಿಂತ ಕಾರಿನಲ್ಲಿ ಕ್ಲಚ್ ಅಂಟಿಕೊಂಡಿರುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದಿರುತ್ತದೆ, ಪೆಟ್ರೋಲ್ ಟ್ಯಾಂಕಿನಲ್ಲಿ ಗಸಿ ಕೂತಿರುತ್ತದೆ.

ಹಣ ಹಂಚುವ ಬಗೆ

ಕೈಯಲ್ಲಿರುವ ಹಣದಲ್ಲಿ ಕಾಲುಭಾಗ ಮೊದಲ ವರ್ಷದ ಕೆಲಸಕ್ಕೆಂದು ತೆಗೆದಿಟ್ಟು, ಮುಕ್ಕಾಲರಲ್ಲಿ ಕೊಳ್ಳಿ. ಆ ಮುಕ್ಕಾಲಿಗೆ ಸಾಧಾರಣ ಪಿ6, ಅತ್ಯುತ್ತಮ ಮೈನರ್ ಎರಡೂ ಬರುವಂತಿದ್ದರೆ ಮೈನರ್ ತೆಗೆದುಕೊಳ್ಳಿ. ಅತ್ಯುತ್ತಮ ಪಿ4, ಸಾಧಾರಣ ಮಾರ್ಕ್ 2 ಎದುರಾದರೆ ಪಿ4. ಸ್ಪ್ಯಾನರ್ ಹಿಡಿಯದವರು, ಮನೆಯ ಹತ್ತಿರ ಈ ಕಾರು ಬಲ್ಲ ಗ್ಯಾರೇಜ್ ಇಲ್ಲದವರು ಪಿ6ರ ಆಸೆ ಬಿಡುವುದು ಒಳ್ಳೆಯದು. ಗ್ಯಾರೇಜನ್ನೂ ಅಳೆದು ನೋಡಿ: ಮೈನರ್ ಸುಮಾರು 3.76 ಮೀಟರ್ ಉದ್ದ, ಉಳಿದ ಮೂರೂ ನಾಲ್ಕೂವರೆ ಮೀಟರಿನ ಆಸುಪಾಸು. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯದ ಮೇಲೆ ಮಾಡಿಸಿ. ಇಲ್ಲದಿದ್ದರೆ ಅಪಘಾತವಾದಾಗ ಕಂಪನಿ ಹಾಕುವ ಬೆಲೆ ನಿಮ್ಮದಕ್ಕಿಂತ ತೀರ ಕಡಿಮೆ ಇರಬಹುದು.

ಕೊಂಡ ದಿನವೇ ಇನ್ನೂರು ಮೈಲಿ ಓಡಿಸಿಕೊಂಡು ಬರಬೇಡಿ, ಟ್ರೇಲರಿನಲ್ಲಿ ತರಿಸಿ. ಮೊದಲ ವಾರದಲ್ಲಿ ಎಂಜಿನ್ ಆಯಿಲ್ (20ಡಬ್ಲ್ಯು-50), ಕೂಲಂಟ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸಿ. ಬ್ರೇಕಿನ ರಬ್ಬರ್ ಹೋಸ್‌ಗಳನ್ನೂ, ಪೆಟ್ರೋಲ್ ಪೈಪುಗಳನ್ನೂ ಹೊಸದು ಹಾಕಿಸಿ. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ನೂರಕ್ಕೆ ಹತ್ತು ಪಾಲಿನವರೆಗೆ ಎಥನಾಲ್ ಇದೆ, ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಎಥನಾಲ್ ನೂರಕ್ಕೆ ಐದು ಪಾಲು ಮೀರದ ಇ5 ಸೂಪರ್ ಪೆಟ್ರೋಲನ್ನೇ ಹಾಕಿ. ಪಿ6, ಮಾರ್ಕ್ 2ಗಳ ಅಲ್ಯೂಮಿನಿಯಂ ಹೆಡ್ಡಿಗೆ ಸೀಸವಿಲ್ಲದ ಪೆಟ್ರೋಲಿನಿಂದ ತೊಂದರೆಯಿಲ್ಲ. ಮೈನರ್‌ನ ಎರಕದ ಕಬ್ಬಿಣದ ಹೆಡ್ಡಿನಲ್ಲಿ ಗಟ್ಟಿ ವಾಲ್ವ್ ಸೀಟ್ ಕೂರಿಸಿಲ್ಲದಿದ್ದರೆ, ಕೂರಿಸುವವರೆಗೆ ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಸೀಸದ ಬದಲಿ ದ್ರವ ಸೇರಿಸಿ, ವಾಲ್ವ್ ಅಂತರವನ್ನು ಆಗಾಗ ಅಳೆದು ಬರೆದಿಡಿ. ಅಂತರ ಪದೇ ಪದೇ ಕಿರಿದಾಗುತ್ತಿದ್ದರೆ ಹೆಡ್ ಇಳಿಸುವ ಹೊತ್ತಾಗಿದೆ.